ಹುಲಿಗೆಮ್ಮನ ಬೆಂಚು

ಭದ್ರಾವತಿಯ ಹುಲಿಗೆಮ್ಮನಿಗೆ ಈಗ ತನ್ನದೆಂಬ ಯಾವ ಕೇಸೂ ಇಲ್ಲ, ಆದರೂ ಶಿವಮೊಗ್ಗದ ಕೋರ್ಟಿಗೆ ವಕೀಲರಿಗಿಂತ ಮೊದಲು ಬಂದು ಕೂರುವವಳು ಅವಳೇ. ಚೀಲದಲ್ಲಿ ಚಿತ್ರಾನ್ನವೂ ಬಾಯಲ್ಲಿ ತೀರ್ಪೂ ಸದಾ ಸಿದ್ಧ. ಯಾವ ಸಾಕ್ಷಿ ಪಾಟೀಸವಾಲಿಗೆ ಹೆದರಿ ಮಾತು ತಿರುಗಿಸುತ್ತಾನೆಂದು ಅವನ ಚಪ್ಪಲಿಯ ಸದ್ದಿನಲ್ಲೇ ಹೇಳಬಲ್ಲೆನೆಂಬ ಜಂಬ ಅವಳದು. ಆ ಭವಿಷ್ಯ ಎಷ್ಟೋ ಸಲ ಸುಳ್ಳಾಗಿದೆ. ಜಂಬ ಮಾತ್ರ ಕುಗ್ಗಿಲ್ಲ. ಟೀವಿಯ ಕೊಲೆ ಧಾರಾವಾಹಿಗಳನ್ನು ಕಂಡರೆ ಅವಳಿಗಾಗದು. "ಕೊಂದೋನಿಗೆ ವಾರಗಟ್ಲೆ ಡೈಲಾಗು, ಸತ್ತೋಳಿಗೆ ಹಾರ ಹಾಕಿದ ಒಂದು ಫೋಟೋ!" ಎಂದು ಬೈಯುತ್ತಾಳೆ. "ಸಿನಿಮಾಕ್ಕೆ ಬಂದಂಗೆ ಬರ್ತೀಯಲ್ಲ ಮಾರಾಯ್ತಿ," ಎಂದು ಬಾಗಿಲ ಬಳಿಯ ಪೊಲೀಸು ಶೀಲಾ ಛೇಡಿಸಿದರೆ, "ಬಸ್ಸೂ ಫ್ರೀ, ಕೋರ್ಟೂ ಫ್ರೀ, ನಿಂಗ್ಯಾಕವ್ವ ಹೊಟ್ಟೆಉರಿ?" ಎನ್ನುತ್ತಾಳೆ. ಮೊನ್ನೆ, ಗಂಡನ ಕೈಯಲ್ಲಿ ಕುಡುಗೋಲಿನ ಏಟು ತಿಂದ ಕುಂಸಿಯ ರಂಜಿನಿ ಸಾಕ್ಷಿ ಹೇಳಲು ಬಂದಳು. ಗಂಡನ ಕಡೆಯವರು ಒಂದು ಟೆಂಪೊ ತುಂಬ ಬಂದು ಕೂತು ಅವಳನ್ನೇ ದುರುಗುಟ್ಟುತ್ತಿದ್ದರು. ಅವಳ ಪಕ್ಕದಲ್ಲಿ ಯಾರೂ ಇರಲಿಲ್ಲ. ಹುಲಿಗೆಮ್ಮ ಎದ್ದುಹೋಗಿ ಅವಳಿಗೆ ಒತ್ತಿಕೊಂಡು ಕೂತಳು. "ನೀವು ಯಾರ ಕಡೆಯೋರಮ್ಮ?" ಎಂದು ರಂಜಿನಿ ಅಂಜುತ್ತ ಕೇಳಿದಳು. "ನಿನ್ ಕಡೆಯೋಳೇ. ನನ್ ಮಗಳನ್ನ ಕೊಂದ ಕೇಸಲ್ಲಿ ಈ ಬೆಂಚಿನ ಮೇಲೆ ನಾನೊಬ್ಬಳೇ ಕೂತಿದ್ದೆ ಕಣವ್ವ. ಆ ಕಡೆ ತಿರುಗ್ಬೇಡ, ನನ್ ಮುಖ ನೋಡ್ಕೊಂಡು ಹೇಳು." ಹೆಸರು ಕೂಗಿದರು. ರಂಜಿನಿ ಕಟಕಟೆಯಲ್ಲಿ ನಿಂತು, ಹುಲಿಗೆಮ್ಮನ ಮೇಲಿಂದ ಕಣ್ಣು ತೆಗೆಯದೆ, ಮೊದಲಿನಿಂದ ಹೇಳತೊಡಗಿದಳು. ಇವಳು ಮಾತಿಗೆ ನಿಲ್ಲುತ್ತಾಳೋ ತಿರುಗಿಸುತ್ತಾಳೋ ಎಂದು ಶೀಲಾ ಕಣ್ಸನ್ನೆಯಲ್ಲೇ ಕೇಳಿದಳು. ಅಂದು ಮಾತ್ರ ಹುಲಿಗೆಮ್ಮ ಭವಿಷ್ಯ ನುಡಿಯಲಿಲ್ಲ.