ಹನ್ನೊಂದಕ್ಕೆ ವಾಪಸ್

ಏಪ್ರಿಲ್ ಬಂತೆಂದರೆ ಅವರ ಮುಖ ಸುಟ್ಟ ಹೆಂಚಿನ ಬಣ್ಣಕ್ಕೆ ತಿರುಗುತ್ತಿತ್ತು. ಗಾಗಲ್ಸ್ ಇದ್ದ ಕಡೆ ಮಾತ್ರ ಎರಡು ಬಿಳಿ ವೃತ್ತಗಳು. ಸ್ಟುಟ್‌ಗಾರ್ಟ್‌ನಲ್ಲಿ ನಮ್ಮ ಕೆಳಗಿನ ಮನೆಯವರು, ರಿಟೈರ್ಡ್ ಟೀಚರ್. ಐವತ್ತೆರಡರ ನನಗೆ ಸ್ಕೀ ಕಟ್ಟಿಕೊಂಡು ಆಲ್ಪ್ಸ್ ಹತ್ತಲು ಕಲಿಸಿದವರು. ಲಿಫ್ಟ್ ಇಲ್ಲ, ಸಿದ್ಧ ಹಾದಿಯಿಲ್ಲ. ಸ್ಕೀಯ ಅಡಿಗೆ ಜಾರದ ಪಟ್ಟಿ ಅಂಟಿಸಿ ಏರುವುದು, ಪಟ್ಟಿ ಕಿತ್ತು ಇಳಿಯುವುದು.

ವಸಂತದ ಹಿಮ ಬೆಳಗ್ಗೆ ಗಾಜಿನಷ್ಟು ಗಟ್ಟಿ, ಹತ್ತಕ್ಕೆ ಬೆಣ್ಣೆ, ಆಮೇಲೆ ಇಡೀ ಇಳಿಜಾರೇ ಕುಸಿದು ಬಂದೀತು. ಅದಕ್ಕೇ ಅವರದು ಒಂದೇ ರೂಲ್: ಎಲ್ಲೇ ಇರಲಿ, ಹನ್ನೊಂದಕ್ಕೆ ವಾಪಸ್. ಎರಡು ವರ್ಷ ಒಂದೇ ಶಿಖರದ ಬುಡದಿಂದ ಮರಳಿದ್ದೆವು. ಮನೆಯಲ್ಲಿ ಯಜಮಾನರ ಧಾರವಾಡದ ನಾಲಿಗೆ ಕಾದಿರುತ್ತಿತ್ತು: "ಏನ್ರೀ ಮೇಡಮ್, ಈ ಸಲಾನೂ ದೂರಿಂದನ ಕೈ ಮುಗದ್ ಬಂದ್ರೇನು?"

ಮೂರನೆಯ ಸಲ ಮುಟ್ಟಲೇಬೇಕೆಂದು ಹೊರಟೆ. ಬೆಟ್ಟದ ಹಟ್‌ನಲ್ಲಿ ರಾತ್ರಿ ಕಳೆದು ಬೆಳಗಿನ ಐದಕ್ಕೆ ಹೊರಡಬೇಕಿತ್ತು. ಆದರೆ ಸ್ನಾನವಾಗದೆ ನಾನು ಬಾಯಿಗೆ ತುತ್ತು ಹಾಕುವವಳಲ್ಲ. ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳಿಂದಲೂ ಈ ಅಭ್ಯಾಸ ಬಿಡಿಸಲಾಗಿರಲಿಲ್ಲ. ಹಟ್‌ನಲ್ಲಿ ನಲ್ಲಿಯಿಲ್ಲ. ಹಿಮ ಕರಗಿಸಿ, ಕಾಯಿಸಿ, ಎರಡು ಚೊಂಬು ಸುರಿದುಕೊಳ್ಳುವಷ್ಟರಲ್ಲಿ ಆರು ದಾಟಿತ್ತು. ಅವರು ಬೂಟು ಕಟ್ಟಿ ಬಾಗಿಲಲ್ಲಿ ನಿಂತಿದ್ದರು.

"ಅಲ್ಲಿ ಮೇಲೆ ಯಾರು ಮೂಸಿ ನೋಡ್ತಾರೆ ನಿನ್ನ?" ಎಂದರು, ಅಷ್ಟೇ.

ಶಿಖರದ ತುದಿಗೆ ನೆಟ್ಟ ಶಿಲುಬೆ ಕಂಡಿತು, ಇನ್ನರ್ಧ ಗಂಟೆಯ ಏರು. ಅವರು ಹಿಮಕ್ಕೆ ಕೋಲು ಚುಚ್ಚಿದರು, ಹಿಡಿಯವರೆಗೂ ಇಳಿಯಿತು. ವಾಚ್ ನೋಡಿದರು, ಹನ್ನೊಂದು.

"ಪ್ಲೀಸ್, ಬರೀ ಅರ್ಧ ಗಂಟೆ! ನೋಡಿ, ಬೇರೆಯವರೆಲ್ಲ ಹೋಗ್ತಿದ್ದಾರೆ."

"ಹೋಗಲಿ. ಏನೂ ಆಗದೇ ಇರಬಹುದು. ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೇ ಇಳಿ ಅನ್ನೋದು."

ನಿಜಕ್ಕೂ ಏನೂ ಆಗಲಿಲ್ಲ. ಮೇಲೆ ಹೋದವರು ಹಾಡುತ್ತ ಇಳಿದು ಬಂದರು! ಕಾರಿನಲ್ಲಿ ಮನೆ ಮುಟ್ಟುವವರೆಗೂ ನನಗೆ ಸಿಟ್ಟು. ತಡ ನನ್ನದೇ ಎಂಬುದು ಇನ್ನಷ್ಟು ಉರಿಸುತ್ತಿತ್ತು. ಮರುವರ್ಷ ಅವರ ಮಂಡಿ ಕೈಕೊಟ್ಟಿತು. ಶಿಖರ ಅಲ್ಲೇ ಉಳಿಯಿತು.

ಹೋದ ಮಾರ್ಚಿನಲ್ಲಿ ಅವರು ಕೈಮೀರಿದ ಕಾಯಿಲೆಯಿಂದ ಆಸ್ಪತ್ರೆಯಲ್ಲಿದ್ದಾಗ ಡಾಕ್ಟರು ಇನ್ನೊಂದು ಆಪರೇಶನ್ ಮಾಡಿ ನೋಡಬಹುದೆಂದರು. ಅವರು ಬೇಡವೆಂದರು. "ಟ್ರೈ ಮಾಡೋದಕ್ಕೇನು ನಿಮಗೆ?" ಎಂದು ಜಗಳಕ್ಕೇ ನಿಂತೆ. ಬಿಳಿ ವೃತ್ತಗಳಿಲ್ಲದ, ಒಂದೇ ಬಣ್ಣದ ಮುಖ ನನ್ನತ್ತ ತಿರುಗಿತು.

"ಹನ್ನೊಂದಾಯಿತು ನೋಡು."

ಎಂಟು ದಿನಕ್ಕೆ ಹೋಗಿಬಿಟ್ಟರು. ಅವರ ಸ್ಕೀ ಪಟ್ಟಿಗಳು ಈಗ ನಮ್ಮ ನೆಲಮಾಳಿಗೆಯ ಮೊಳೆಯಲ್ಲಿ ತೂಗುತ್ತಿವೆ. ಸಿಟ್ಟು ಇನ್ನೂ ಇಳಿದಿಲ್ಲ. ಆ ಬೆಳಗಿನ ಸ್ನಾನವನ್ನು ಅವರು ಒಮ್ಮೆಯೂ ಎತ್ತಿ ಆಡಲಿಲ್ಲ. ತಪ್ಪಾಯಿತೆಂದು ನಾನೂ ಒಮ್ಮೆ ಹೇಳಲಿಲ್ಲ.