ಆರು ವೋಲ್ಟಿನ ಬ್ಯಾಟರಿ

ಅರವತ್ತರ ದಶಕದಲ್ಲಿ ಕಡಬದ ವೈದ್ಯರೊಬ್ಬರ ಬಳಿ ನಾನು ಕಂಪೌಂಡರ್ ಆಗಿದ್ದೆ. ಆಗಿನ ನನ್ನ ಡೈರಿಯಲ್ಲಿ ಒಂದು ಮಳೆಗಾಲದ ಪುಟಗಳ ಅಂಚಿಗೆಲ್ಲ ಸಣ್ಣ ಗೀಟುಗಳಿವೆ. ಒಂದು ಗೀಟು ಅಂದರೆ ಒಂದು ಕಿಕ್. ವೈದ್ಯರ ಹಳೆಯ ಮೋಟಾರ್‌ಸೈಕಲ್ಲನ್ನು ಸ್ಟಾರ್ಟ್ ಮಾಡಲು ನಾನು ಎಷ್ಟು ಸಲ ಒದ್ದೆ ಎಂಬ ಲೆಕ್ಕ ಅದು. ಒಂದು ಸೋಮವಾರ ನಲವತ್ತೊಂದು ಗೀಟು. ಪಕ್ಕದಲ್ಲಿ ‘ಇಲ್ಲ’ ಎಂದಿದೆ. ಇಂದಿಗೂ ಆ ಪುಟ ನೋಡಿದರೆ ಬಲಮೊಣಕಾಲು ನೋಯುತ್ತದೆ.

ನೆಲ್ಯಾಡಿ ಕಡೆಗೆ ಏಳು ಮೈಲು ದೂರದಲ್ಲಿ ಒಬ್ಬ ಟೈಲರ್ ಇದ್ದ. ಕ್ಷಯರೋಗ. ಸೋಮವಾರ ಮತ್ತು ಗುರುವಾರ ಅವನಿಗೆ ಇಂಜೆಕ್ಷನ್ ಕೊಡುವುದು ನನ್ನ ಕೆಲಸ. ಆ ದಾರಿಗೆ ಬಸ್ಸಿರಲಿಲ್ಲ. “ಇನ್ನು ತಪ್ಪಿದರೆ ಅವನನ್ನು ಸ್ಯಾನಟೋರಿಯಂಗೆ ಕಳಿಸುದೇ. ಹೆಂಡತಿ, ಹೊಲಿಗೆ ಮಿಷನ್ ಎಲ್ಲ ಬಿಟ್ಟು ಹೋಗಬೇಕಾದೀತು” ಎಂದಿದ್ದರು ವೈದ್ಯರು, ನಾಲ್ಕನೆಯ ಸಲ ತಪ್ಪಿದಾಗ.

ಗಾಡಿ ಓಡಿದಾಗ ಚೆನ್ನಾಗಿಯೇ ಓಡುತ್ತಿತ್ತು. ಎರಡು ದಿನ ನಿಂತರೆ ಸತ್ತಂತೆ; ಬ್ಯಾಟರಿ ಖಾಲಿಯಾಗಿ ಕಿಡಿಯೇ ಬರುತ್ತಿರಲಿಲ್ಲ. ಪ್ಲಗ್ ಬದಲಿಸಿದೆ, ಪಾಯಿಂಟನ್ನು ಮರಳುಕಾಗದದಿಂದ ಉಜ್ಜಿದೆ, ಡೈನಮೋದ ಬ್ರಶ್ ಒರೆಸಿದೆ. ಓಡುವಾಗ ಹೆಡ್‌ಲೈಟಿನ ಮೇಲಿನ ಮೀಟರಿನ ಮುಳ್ಳು ಚಾರ್ಜ್ ಆಗುತ್ತಿದೆ ಎಂದೇ ತೋರಿಸುತ್ತಿತ್ತು. ಎರಡು ಸಲ ನಾನು ನಡೆದೇ ಹೋದೆ. ನಾಲ್ಕು ಸಲ ಔಷಧಿಗೆ ನಿಂತವರ ಸಾಲು ಬಿಟ್ಟು ಹೊರಡಲಾಗದೆ ಇಂಜೆಕ್ಷನ್ ತಪ್ಪಿತು. ಡೈರಿಯಲ್ಲಿ ಆ ನಾಲ್ಕಕ್ಕೂ ಸೊನ್ನೆ ಹಾಕಿದ್ದೇನೆ.

ಕೊನೆಗೆ ಒಂದು ಬುಧವಾರ ಬ್ಯಾಟರಿಯನ್ನು ಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಪುತ್ತೂರಿಗೆ ಹೋದೆ. ಅದೇ ಮಳೆಗಾಲದಲ್ಲಿ ಅದು ಮೂರನೆಯ ಸಲ. ಮೆಕ್ಯಾನಿಕ್ ಹಿರಿಯರು; ನನ್ನನ್ನು ಕಂಡೊಡನೆ ನಕ್ಕರು.

“ಪುನಃ ಬಂದ್ರಾ? ನಿಮ್ಮ ಬ್ಯಾಟ್ರಿಗೆ ಪುತ್ತೂರು ಭಾರೀ ಇಷ್ಟ ಮಾರಾಯ್ರೆ.”

ನಾನು ಡೈರಿ ತೆರೆದು ಓದಿದೆ. ಚಾರ್ಜ್ ಮಾಡಿ ತಂದದ್ದು ಶುಕ್ರವಾರ. ಪರೀಕ್ಷೆಗೆಂದು ಗಾಡಿಗೆ ಹಾಕದೆ ಕಪಾಟಿನ ಮೇಲೆ ಇಟ್ಟದ್ದು. ಭಾನುವಾರ ಬಲ್ಬ್ ಹಿಡಿದರೆ ಬೆಳಕಿಲ್ಲ.

ಅವರ ನಗು ನಿಂತಿತು. “ವಯರಿಗೆ ಸಿಕ್ಕಿಸಲೇ ಇಲ್ವಾ? ಹಾಗಾದ್ರೆ ಗಾಡಿಯದ್ದು ತಪ್ಪಿಲ್ಲ. ಒಳಗೆ ಎಂತ ನೀರು ಹಾಕುದು ನೀವು?”

“ಮಳೆನೀರು. ಬಸ್ಸಿನ ಡ್ರೈವರುಗಳೆಲ್ಲ ಅದನ್ನೇ ಹಾಕುದಲ್ವಾ?”

“ಅದು ಸರಿಯೇ. ಹಿಡಿದದ್ದು ಎಂತದರಲ್ಲಿ?”

“ನಾನಿರುವ ಮನೆಯ ಅಂಗಳದಲ್ಲಿ ಒಂದು ಮರದ ಪೀಪಾಯಿ ಉಂಟು, ಅದರಲ್ಲಿ.”

“ಆ ಪೀಪಾಯಿಯಲ್ಲಿ ಮೊದಲು ಎಂತ ಇತ್ತು?”

“ಮೈಲುತುತ್ತು” ಎಂದೆ. ಕೊಳೆರೋಗ ಬಾರದಂತೆ ಅಡಿಕೆಗೊನೆಗಳಿಗೆ ಸಿಂಪಡಿಸಲು ಆ ಮನೆಯವರು ಮೈಲುತುತ್ತು ಕರಗಿಸುತ್ತಿದ್ದದ್ದು ಅದರಲ್ಲೇ. ನಾನು ನಾಲ್ಕು ಸಲ ತೊಳೆದಿದ್ದೆ. ತೊಳೆದದ್ದನ್ನೂ ಬರೆದಿಟ್ಟಿದ್ದೆ.

“ಮರ ಕುಡಿದದ್ದನ್ನು ಬಿಡುದಿಲ್ಲ ಮಾರಾಯ್ರೆ. ತಾಮ್ರದ ಅಂಶ ಒಳಗೆ ಹೋದರೆ ಬ್ಯಾಟ್ರಿ ಕೂತಲ್ಲೇ ಖಾಲಿ ಆಗ್ತದೆ. ಒಂದು ಸಮಾಧಾನ, ಇದಕ್ಕೆ ಇನ್ನು ಕೊಳೆರೋಗ ಬರುದಿಲ್ಲ!” ಎಂದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನನಗೆ ನಗಲೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. ಇಂಜೆಕ್ಷನ್ ಪುಡಿ ಕರಗಿಸುವ ಶುದ್ಧ ನೀರಿನ ಸಣ್ಣ ಸೀಸೆಗಳು ನನ್ನ ಕಪಾಟಿನಲ್ಲೇ ಇದ್ದವು. ಲೆಕ್ಕ ತಪ್ಪಬಾರದೆಂದು ಒಂದನ್ನೂ ಬ್ಯಾಟರಿಗೆ ಮುಟ್ಟಿಸಿರಲಿಲ್ಲ.

ಅವರು ಮೇಜಿನಡಿಯಿಂದ ಹಳೆಯದಾದರೂ ಜೀವವಿದ್ದ ಒಂದು ಬ್ಯಾಟರಿ ತೆಗೆದುಕೊಟ್ಟರು.

ಮರುದಿನ ಗುರುವಾರ, ಮೂರು ಗೀಟು. ಟೈಲರ್ ಜಗಲಿಯಲ್ಲಿ ಅಂಗಿಯ ತೋಳು ಮಡಚಿ ಕಾದಿದ್ದ. ಅವನ ಮಿಷನ್‌ಗೆ ಬಟ್ಟೆ ಹೊದೆಸಿತ್ತು. ಎಂದಿನಂತೆ ಎಂಜಿನ್ ಓಡುತ್ತಲೇ ಇರಲೆಂದು ಬಿಡದೆ ಆ ದಿನ ಆರಿಸಿದೆ. ಇಂಜೆಕ್ಷನ್ ಕೊಟ್ಟು, ಪೀಪಾಯಿಯ ವಿಷಯ ಹೇಳಿದೆ.

ಅವನು ತೋಳು ಉಜ್ಜಿಕೊಂಡ. “ಅಂದ್ರೆ ನಾಲ್ಕು ತಪ್ಪಿದ್ದು ನಿಮ್ಮಿಂದ.”

“ಹೌದು.”

“ಡಾಕ್ಟ್ರು ಎಂತ ಹೇಳಿದ್ರು?”

“ಇಲ್ಲೇ ಮುಂದುವರಿಸುವ ಅಂತ. ಆದರೆ ಎರಡು ತಿಂಗಳು ಹೆಚ್ಚು. ಅಲ್ಲಿವರೆಗೆ ಮಿಷನ್ ತುಳಿಯಲಿಕ್ಕಿಲ್ಲ.”

“ನಾನು ತುಳಿಯುದಿಲ್ಲ. ನೀವು ತುಳಿಯಿರಿ” ಎಂದು ಅವನು ಗಾಡಿಯ ಕಡೆ ಗಲ್ಲ ಎತ್ತಿ ತೋರಿಸಿದ. ಮುಖದಲ್ಲಿ ನಗು ಇರಲಿಲ್ಲ.

ನಾನು ಹೋಗಿ ಒದ್ದೆ. ಹತ್ತಲಿಲ್ಲ. ಜಗಲಿಯಿಂದ “ಒಂದು” ಎಂದು ಕೇಳಿಸಿತು. ಇನ್ನೊಮ್ಮೆ ಒದ್ದೆ. ಎಂಜಿನ್ ಹತ್ತಿತು, ಅವನು ಎರಡು ಎಂದನೋ ಇಲ್ಲವೋ, ಆ ಸದ್ದಿನಲ್ಲಿ ಗೊತ್ತಾಗಲಿಲ್ಲ. ಮನೆಗೆ ಬಂದು ಇನ್ನೆರಡು ಗೀಟು ಎಳೆದು ಮಲಗಿದೆ.