ಮಿಷಿನ್ ಹೆರಿಯಣ್ಣ

ತುಕ್ಕು ಹಿಡಿದ ಸ್ಕ್ರೂವನ್ನು ಹೆರಿಯಣ್ಣ ಕಂಡ ದಿನವೇ ಬಿಚ್ಚುತ್ತಿರಲಿಲ್ಲ. ಅದರ ಸುತ್ತ ಎಣ್ಣೆ ಬಿಟ್ಟು, ಮೇಲೊಂದು ಬಟ್ಟೆಚೂರು ಹೊದೆಸಿ, ಕಾಯಿಲೆಯವರನ್ನು ಮಲಗಿಸಿದ ಹಾಗೆ ಬಿಟ್ಟುಬಿಡುತ್ತಿದ್ದರು. ಮರುದಿನ ಬೆಳಿಗ್ಗೆ ಬಂದು ಸಣ್ಣ ಸುತ್ತಿಗೆಯಿಂದ ಅದರ ತಲೆಯ ಮೇಲೆ ಮೆಲ್ಲಗೆ ಬಡಿಯುವುದು, ಸುತ್ತಲಿನ ಲೋಹಕ್ಕೆ ಬೆಂಕಿ ಹಿಡಿದು ಬಿಸಿ ಮಾಡುವುದು. ಆಮೇಲೆ ಸ್ಕ್ರೂಡ್ರೈವರಿನ ಮೇಲೆ ಮೈಭಾರವನ್ನೆಲ್ಲ ಹಾಕಿ, ಮೊದಲು ಬಿಗಿ ಮಾಡುವ ಕಡೆಗೇ ಕೂದಲೆಳೆಯಷ್ಟು ತಿರುಗಿಸುತ್ತಿದ್ದರು. ಕುರ್ರ್ ಎಂದು ಸಣ್ಣ ಸದ್ದು ಬಂದರೆ ಮಾತ್ರ ಕೈ ಬಿಚ್ಚುವ ಕಡೆಗೆ ಹೊರಳುತ್ತಿತ್ತು.

ತೊಂಬತ್ತೇಳರಲ್ಲಿ ನಾನು ಮದುವೆಯಾಗಿ ತ್ರಾಸಿಯಿಂದ ಕೋಡಿಗೆ ಬಂದಾಗ ಅವರ ಶೆಡ್ಡು ನಮ್ಮ ಮನೆಯ ಮಗ್ಗುಲಲ್ಲೇ ಇತ್ತು. ನಾಲ್ಕು ಕಂಬ, ಮೇಲೆ ತಗಡು. ನಾಡದೋಣಿಯ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಮಿಷಿನುಗಳು ಅಲ್ಲಿ ಮರದ ಅಡ್ಡೆಯ ಮೇಲೆ ಸಾಲಾಗಿ ನಿಂತಿರುತ್ತಿದ್ದವು. ಕೆಲಸವನ್ನು ಅವರು ಮುಂಬೈಯಲ್ಲಿ ಕಲಿತು ಬಂದವರು. ಅಲ್ಲಿಂದ ತಂದ ಮಾತೊಂದೇ, ‘ಜಲ್ದಿ’. ಅದನ್ನೂ ಬೈಯಲಿಕ್ಕೆ ಮಾತ್ರ ಬಳಸುತ್ತಿದ್ದರು. “ಜಲ್ದಿ ಇದ್ದವ್ರ್ ನನ್ನ್ ಶೆಡ್ಡಿಗೆ ಬಪ್ಪುದ್ ಬ್ಯಾಡ” ಎಂದು ಎದುರು ನಿಂತವರಿಗೇ ಹೇಳುತ್ತಿದ್ದರು.

ಹಾಗೆ ಹೇಳಿಸಿಕೊಂಡವರಲ್ಲಿ ನನ್ನ ಗಂಡ ಸುರೇಶರೂ ಒಬ್ಬರು. ಒಮ್ಮೆ ಅವರು ತಾವೇ ಮಿಷಿನ್ ಬಿಚ್ಚಲು ಹೋಗಿ ಒಂದು ಸ್ಕ್ರೂವಿನ ತಲೆ ಹಾರಿಸಿಕೊಂಡರು. ಒಳಗೆ ಉಳಿದ ತುಂಡನ್ನು ಕೊರೆದು ತೆಗೆಯಲು ಹೆರಿಯಣ್ಣನಿಗೆ ಒಂದು ಇಡೀ ದಿನ ಬೇಕಾಯಿತು. ಸಂಜೆ ಕೈ ಒರೆಸಿಕೊಳ್ಳುತ್ತ, “ಸುರೇಶ, ಉಪ್ಪು ನೀರ್ ವರ್ಷಗಟ್ಲೆ ಕೂಕಂಡ್ ಹಿಡ್ಸಿದ್ದನ್ನ ನೀನ್ ಒಂದ್ ಗಳಿಗೆಯಲ್ ಬಿಡ್ಸುಕೆ ಹೊರ್ಟ್ಯಲಾ” ಎಂದರು. ಬಾಗಿಲಲ್ಲಿ ನಿಂತಿದ್ದ ನಾನು ನಕ್ಕೆ. ಇವರೂ ನಕ್ಕರು.

ಅದಾಗಿ ಆರೇಳು ವರ್ಷ ಕಳೆದಿತ್ತು. ಮಳೆಗಾಲ ಮುಗಿದ ಹೊಸತು. ಇವರೂ ಇವರ ತಮ್ಮ ಶೇಖರನೂ ಮೀನು ಹಿಡಿದು ವಾಪಸು ಬರುವಾಗ, ಹೊಳೆ ಕಡಲು ಸೇರುವ ಅಳಿವೆಯಲ್ಲಿ ಮಿಷಿನ್ ನಿಂತುಹೋಯಿತು. ದೋಣಿ ತೆರೆಗೆ ಅಡ್ಡವಾಗಿ ಮಗುಚಿತು. ಶೇಖರ ಈಜಿ ದಡ ಸೇರಿದ. ಇವರ ದೇಹ ಮರುದಿನ ಸಿಕ್ಕಿತು. ನನಗೆ ಅಳು ಬರಲಿಲ್ಲ. ಯಾರೋ ತಲೆಗೆ ನೀರು ಹೊಯ್ದರು, ಯಾರೋ ಉಣ್ಣಿಸಿದರು. ಅನ್ನಕ್ಕೆ ಉಪ್ಪು ಹಾಕಿದ್ದರೋ ಇಲ್ಲವೋ ಗೊತ್ತಾಗಲಿಲ್ಲ.

ದೋಣಿಯನ್ನು ಎಳೆದು ತಂದಾಗ ಮಿಷಿನ್ ಅದಕ್ಕೇ ಕಚ್ಚಿಕೊಂಡಿತ್ತು. ಮಿಷಿನ್ ಓಡಿಸುವ ಸೀಮೆಎಣ್ಣೆಯ ಕ್ಯಾನು ಮಾತ್ರ ಕಡಲಿಗೆ ಹೋಗಿತ್ತು. ಎಣ್ಣೆ ನೋಡಿಕೊಳ್ಳದೆ ಹೊರಟು ಅಳಿವೆಯಲ್ಲಿ ಖಾಲಿ ಮಾಡಿಕೊಂಡರು ಎಂದು ಯಾರೋ ಅಂದರು. ಅದೇ ಮಾತು ನಿಂತಿತು. ಎಣ್ಣೆ ತುಂಬಿಸಿದ್ದು ಅಣ್ಣ, ನನಗೆ ಗೊತ್ತಿಲ್ಲ ಎಂದ ಶೇಖರ. ಅತ್ತೆ ಬಂದವರಿಗೆಲ್ಲ, “ಎಣ್ಣೆ ಇತ್ತಾ ಇಲ್ಯಾ ಅಂದೇಳಿ ಕಾಣುಕೆ ಎಂತ ಆಯಿತ್ ಅಂವಂಗೆ” ಎನ್ನುತ್ತಿದ್ದರು. ನಾನು ಕೇಳಿಸಿಕೊಳ್ಳುತ್ತಿದ್ದೆ.

ಹದಿಮೂರನೇ ದಿನದ ಕೆಲಸ ಮುಗಿದ ಮರುದಿನ ಮಿಷಿನನ್ನು ಹೆರಿಯಣ್ಣನ ಶೆಡ್ಡಿಗೆ ಹೊರಿಸಿಕೊಂಡು ಹೋದೆ. “ಬಿಚ್ಚಿ ಕಾಣಿ. ಎಂತಕೆ ನಿಂತದ್ ಅಂತ ನಂಗೆ ಗೊತ್ತಾಯ್ಕ್” ಅಂದೆ. ಅವರು ನನ್ನ ಮುಖ ನೋಡದೆ ತಲೆಯಾಡಿಸಿದರು.

ಸ್ಕ್ರೂಗಳ ಮೇಲೆಲ್ಲ ಬಿಳಿ ಪುಡಿ, ಅದರಡಿ ತುಕ್ಕು. ಮೊದಲ ದಿನ ಎಣ್ಣೆ ಬಿಟ್ಟರು. ಎರಡನೇ ದಿನ ಬಡಿದರು, ಬಿಸಿ ಮಾಡಿದರು. ಒಂದೊಂದೇ ಸ್ಕ್ರೂ ಹೊರಬಂದು ತಗಡಿನ ತಟ್ಟೆಗೆ ಬೀಳುತ್ತಿತ್ತು. ನಾನು ದಿನವಿಡೀ ಅಲ್ಲೇ ಮರದ ತುಂಡಿನ ಮೇಲೆ ಕೂತಿದ್ದೆ. ಮೂರನೇ ದಿನ, ಮಿಷಿನ್ ತಂಪಾಗಿರಲು ನೀರು ಮೇಲೇರಿಸುವ ಪಂಪಿನ ಭಾಗ ತೆರೆಯಿತು. ಅಲ್ಲಿ ಎರಡು ಸ್ಕ್ರೂಗಳಿಗೆ ತಲೆಯೇ ಇರಲಿಲ್ಲ. ಉಳಿದ ತುಂಡು ಉಗುರು ತಾಗಿದರೆ ಉದುರುವ ಹಾಗಿತ್ತು. ಹೆರಿಯಣ್ಣ ಸ್ಕ್ರೂಡ್ರೈವರನ್ನು ಕೆಳಗಿಟ್ಟರು.

“ಗಿರ್ಜಾ, ಎಣ್ಣೆ ಖಾಲಿ ಆದ್ದಲ್ಲ. ಪಂಪ್ ಸಡ್ಲ ಆಯಿ ನೀರ್ ಮೇಲೆ ಹೋಯ್ಲಿಲ್ಲ. ಮಿಷಿನ್ ಬಿಸಿ ಆಯಿ ಹಿಡ್ಕಂಡಿತ್. ಈ ಎರಡ್ ಸ್ಕ್ರೂ ನಾನೇ ಹಾಕಿದ್ದ್. ಸ್ಟೀಲಿಂದ್ ಅಂಗಡಿಯಲ್ ಇರ್ಲಿಲ್ಲ ಅಂದೇಳಿ ಬೇಸಗೆಯಲ್ ಬರೀ ಕಬ್ಣದ್ದ್ ಹಾಕಿದ್ದೆ.”

“ಅವ್ರಿಗ್ ಗೊತ್ತಿತ್ತಾ?”

“ಗೊತ್ತಿತ್ತ್. ಮಳಿ ಮುಗ್ದ್ ಕೂಡ್ಲೆ ಬದ್ಲ್ ಮಾಡ್ಸುಕೆ ಬಂದಿದ್ದ. ಕೆಲ್ಸ ರಾಶಿ ಇತ್ತ್. ನಾಳೆ ಕಾಂಬ ಅಂದೇಳಿ ನಾನೇ ಕಳ್ಸಿದೆ.”

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಎದ್ದು ಮನೆಗೆ ಹೋಗಿ ಪಾತ್ರೆ ತೊಳೆದೆ.

ಹೆರಿಯಣ್ಣ ಹೇಳದೇ ಇದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅದೇ ಸಂಜೆ ಅವರು ನಮ್ಮ ಜಗಲಿಗೆ ಬಂದು ಅತ್ತೆಯ ಮುಂದೆ ಎಲ್ಲವನ್ನೂ ಹೇಳಿದರು. ಅಲ್ಲಿಂದ ಬಲೆ ಹೆಣೆಯುವವರು ಕೂರುವ ಕಡೆಗೆ ಹೋಗಿ ಅಲ್ಲೂ ಹೇಳಿದರು. ಶೇಖರ ಹೊಡೆಯಲು ಹೋದನಂತೆ, ನಾಲ್ಕು ಜನ ಹಿಡಿದುಕೊಂಡರಂತೆ. ಅತ್ತೆ ಆಮೇಲೆ ಎಣ್ಣೆಯ ಮಾತು ಎತ್ತಲಿಲ್ಲ.

ಶೆಡ್ಡಿಗೆ ಮಿಷಿನುಗಳು ಬರುವುದು ಕಡಿಮೆಯಾಯಿತು. ನಾನು ಕುಂದಾಪುರದ ಮಾರ್ಕೆಟ್ಟಿಗೆ ಮೀನಿನ ಬುಟ್ಟಿ ಹೊತ್ತು ದಿನವೂ ಅದರ ಮುಂದಿನಿಂದಲೇ ಹೋಗುತ್ತಿದ್ದೆ. “ಹೊರ್ಟ್ಯಾ?” ಎನ್ನುತ್ತಿದ್ದರು. “ಹ್ಞೂಂ” ಎನ್ನುತ್ತಿದ್ದೆ. ಏಳೆಂಟು ವರ್ಷ ನಮ್ಮ ನಡುವೆ ಇದ್ದದ್ದು ಇಷ್ಟೇ ಮಾತು.

ಕಣ್ಣು ಮಂಜಾದ ಮೇಲೆ ಅವರನ್ನು ಮಗಳು ಸಾಸ್ತಾನಕ್ಕೆ ಕರೆದುಕೊಂಡು ಹೋದಳು. ಒಂದು ದಿನ ಮಾರ್ಕೆಟ್ಟಿನಲ್ಲಿ ಉಳಿದ ನಾಲ್ಕು ಬಂಗುಡೆ ಕಟ್ಟಿಕೊಂಡು ನೋಡಲು ಹೋದೆ. ದನಿಯಿಂದಲೇ ಗುರುತು ಹಿಡಿದರು. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು.

“ನೀನ್ ನಂಗೆ ಎಂತಕೆ ಬೈಯ್ಲಿಲ್ಲ ಗಿರ್ಜಾ?”

“ನಂಗೊತ್ತಿಲ್ಲೆ ಹೆರಿಯಣ್ಣ.”

“ಬೈದಿದ್ರೆ ಆತಿತ್ತ್” ಎಂದರು. ವಾಪಸು ಬಸ್ಸಿನಲ್ಲಿ ಕೂತಾಗ ಈಗಲಾದರೂ ಅಳು ಬರಬಹುದೆಂದು ಕಾದೆ. ಕೋಟ ದಾಟಿತು, ತೆಕ್ಕಟ್ಟೆ ದಾಟಿತು. ಬರಲಿಲ್ಲ.

ತಿಂಗಳೊಳಗೆ ಅವರು ತೀರಿಹೋದರು. ಸುದ್ದಿ ಬಂದಾಗ ನಾನು ಗಿರಾಕಿಯೊಬ್ಬರಿಗೆ ಮೀನು ಕೊಯ್ಯುತ್ತಿದ್ದೆ. ಕೊಯ್ದು ಕೊಟ್ಟು, ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ ಸಾಸ್ತಾನಕ್ಕೆ ಹೋದೆ. ಅಂಗಳದಲ್ಲಿ ಗುರುತಿನವರು ಯಾರೂ ಕಾಣಲಿಲ್ಲ. ಮಗಳ ಗಂಡನ ಕಡೆಯ ಹೆಂಗಸೊಬ್ಬರು ಹತ್ತಿರ ಬಂದು, “ನೀವ್ ಅವ್ರಿಗೆ ಎಂತ ಆಯ್ಕ್?” ಎಂದು ಸಂಬಂಧ ವಿಚಾರಿಸಿದರು.



“ನಮ್ಮನಿ ಮಿಷಿನ್ ಅವ್ರೇ ರಿಪೇರಿ ಮಾಡ್ತಿದ್ರ್” ಅಂದೆ.